ಕುದುರೆಗಳ ಮೇವು ಮತ್ತು ಗವರ್ನರರ ಮೂವತ್ತು ದಿನ

ಶಾಮಸುಂದರರ ತಾಳ್ಮೆ ದಿನಕ್ಕೆ ಮೂರು ಸಲವಾದರೂ ಕೆಡುತ್ತಿತ್ತು; ಆದರೆ ಆ ಸೋಮವಾರ ಬೆಳಿಗ್ಗೆ ಅದು ಕೆಟ್ಟದ್ದು ಕುದುರೆಗಳ ದೆಸೆಯಿಂದ. ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಟ್ಟಡದ ಏಳನೆಯ ಮಹಡಿಯಲ್ಲಿ, ಕಿಟಕಿಯ ಪರದೆ ಇಳಿಬಿಟ್ಟರೂ ಬಿಸಿಲು ಒಳನುಗ್ಗುತ್ತಿದ್ದ ಮೇಜಿನ ಮುಂದೆ ಕುಳಿತು, ಅವರು ಅಮೆರಿಕದ ಯಾವುದೋ ನದೀತೀರದ ಪಟ್ಟಣದಿಂದ ಬಂದ ಪತ್ರವನ್ನು ಎರಡನೆಯ ಸಲ ಓದುತ್ತಿದ್ದರು.

ಪತ್ರವನ್ನು ಬರೆದವಳು ಆ ಪಟ್ಟಣದ ಪುರಸಭೆಯ ಗುಮಾಸ್ತೆ. ಬರೆದದ್ದು ನೇರವಾಗಿತ್ತು. 'ನಮ್ಮಲ್ಲಿ ಪ್ರವಾಹ ಬಂದಿತು, ಇಳಿದೂ ಹೋಯಿತು. ಗವರ್ನರರು ಕರೆಸಿದ ಸೈನಿಕರು ಮಾತ್ರ ಇನ್ನೂ ಸೇತುವೆಯನ್ನು ಮುಚ್ಚಿ ಅದರ ಮೇಲೆ ನಿಂತಿದ್ದಾರೆ. ಶಾಲೆಯ ಬಸ್ಸು ನಲವತ್ತು ಮೈಲಿ ಸುತ್ತಿಕೊಂಡು ಬರುತ್ತಿದೆ. ಇವತ್ತಿಗೆ ಇಪ್ಪತ್ನಾಲ್ಕನೆಯ ದಿನ. ನನ್ನ ಕಪಾಟಿನಲ್ಲಿರುವ ಹಳೆಯ ಕಾನೂನು ಪುಸ್ತಕದ ಪ್ರಕಾರ ಇಂಥ ಆಜ್ಞೆ ಮೂವತ್ತನೆಯ ದಿನಕ್ಕೆ ತಾನಾಗಿ ರದ್ದಾಗುತ್ತದೆ. ಮುಂದುವರಿಯಬೇಕಾದರೆ ಶಾಸನಸಭೆಯ ಎರಡು ಸದನಗಳೂ ಮತ ಹಾಕಬೇಕು. ಸೇತುವೆಯ ಮೇಲಿನ ಅಧಿಕಾರಿ ನಿಮ್ಮ ಜಾಲತಾಣದ ಪುಟವನ್ನು ತೋರಿಸಿ, ಅಂಥ ಮಿತಿಯೇ ಇಲ್ಲ ಎನ್ನುತ್ತಾನೆ. ಅದನ್ನು ತೆಗೆದವರು ಯಾರು, ಯಾವಾಗ? ಕುದುರೆಗಳ ಮೇವಿನ ವಿಚಾರವನ್ನು ಮಾತ್ರ ಏಕೆ ಉಳಿಸಿದಿರಿ? ನಮ್ಮ ಸೈನ್ಯದಲ್ಲಿ ಈಗ ಕುದುರೆಗಳಿಲ್ಲ.'

ಆ ಪುಟಕ್ಕೆ ಪ್ರಮಾಣಪತ್ರ ಬರೆದು ಸಹಿ ಹಾಕಿದವರು ಸ್ವತಃ ಶಾಮಸುಂದರರೇ.

ಅವರ ಹಿನ್ನೆಲೆಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಮೈಸೂರಿನ ಅಗ್ರಹಾರದಲ್ಲಿ ಹುಟ್ಟಿದ ಅವರನ್ನು ತಂದೆ ಎಂಟನೆಯ ವಯಸ್ಸಿಗೆ ವೇದಪಾಠಶಾಲೆಗೆ ಸೇರಿಸಿದರು. ಆರು ವರ್ಷ ಅಲ್ಲಿ ಕ್ರಮಪಾಠವಾಯಿತು. ಮೊದಲನೆಯ ಪದವನ್ನು ಎರಡನೆಯದರೊಡನೆ, ಎರಡನೆಯದನ್ನು ಮೂರನೆಯದರೊಡನೆ ಕೂಡಿಸಿ, ಸ್ವರ ತಪ್ಪದಂತೆ ಹೇಳುವ ಆ ಅಭ್ಯಾಸದಿಂದ ಬಾಯಿಗಿಂತ ಹೆಚ್ಚಾಗಿ ಕಿವಿ ಪಳಗಿತು. ಅರ್ಥವನ್ನು ಯಾರೂ ಹೇಳಿಕೊಡಲಿಲ್ಲ, ಅವರೂ ಕೇಳಲಿಲ್ಲ. ಮುಂದೆ ಸರಕಾರಿ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ದೊರೆತಾಗ ಆ ಕಿವಿಯೇ ಅನ್ನ ಕೊಟ್ಟಿತು. ಅಲ್ಲಿಂದ ದುಬೈಯ ಒಂದು ಪತ್ರಿಕಾ ಮುದ್ರಣಾಲಯ. ಅದು ಮುಚ್ಚಿದ ಮೇಲೆ ಈ ಕಂಪನಿ. ಅಮೆರಿಕದ ಕೆಲವು ರಾಜ್ಯಗಳ ಶಾಸನಸಭೆಗಳು ವರ್ಷವರ್ಷವೂ ಮಾಡುವ ತಿದ್ದುಪಡಿಗಳನ್ನು ಹಳೆಯ ಕಾನೂನಿನೊಳಗೆ ಸೇರಿಸಿ, ಜಾಲತಾಣಕ್ಕೆ ಒಪ್ಪವಾದ ಪಾಠವನ್ನು ಸಿದ್ಧಪಡಿಸಿ ಕೊಡುವುದು ಇಲ್ಲಿನ ಕಸುಬು. ಹದಿನಾಲ್ಕು ವರ್ಷಗಳಿಂದ ಶಾಮಸುಂದರರು ಅಲ್ಲಿಯ ಪ್ರಮಾಣಕರು. ಒಬ್ಬರು ಮೂಲವನ್ನು ಹಿಡಿದು ಕೂರುತ್ತಾರೆ. ಶಾಮಸುಂದರರು ಹೊಸ ಪಾಠವನ್ನು ಅಲ್ಪವಿರಾಮ, ಆವರಣ ಸಹಿತ ಗಟ್ಟಿಯಾಗಿ ಓದುತ್ತಾರೆ. ಕೊನೆಗೆ 'ಮೂಲಕ್ಕೆ ಅಕ್ಷರಶಃ ಸರಿಯಾಗಿದೆ' ಎಂದು ಬರೆದು ಸಹಿ ಹಾಕುತ್ತಾರೆ. ಅವರು ಕೊಟ್ಟ ಪ್ರಮಾಣಪತ್ರ ಒಂದೂ ಹಿಂದಕ್ಕೆ ಬಂದಿರಲಿಲ್ಲ.

ಮೂಲವನ್ನು ಹಿಡಿದು ಕೂರುವವಳು ಸ್ವರ್ಣಲತಾ. ಮಂಗಳೂರಿನ ಕಡೆಯ ಹುಡುಗಿ, ಕಾನೂನು ಪದವೀಧರೆ. ತಿದ್ದುಪಡಿಗಳನ್ನು ಹಳೆಯ ಪಾಠಕ್ಕೆ ಸೇರಿಸುವವಳೂ ಅವಳೇ. ಪತ್ರವನ್ನು ಅವಳ ಮುಂದಿಟ್ಟಾಗ ಅವಳ ಮುಖ ಬಿಳಿಚಿಕೊಂಡಿತು.

"ಸರ್, ಆ ಕುದುರೆ ವಿಷಯಕ್ಕೆ ನಾವು ನಗಾಡಿದ್ದು ನೆನಪುಂಟಾ?"

"ನೆನಪಿದೆ. ನಕ್ಕುಬಿಟ್ಟು ಮುಂದಕ್ಕೆ ಹೋದ್ವಿ. ಈಗ ಹಳೇದೆಲ್ಲ ತೆಗಿ."

ಹಳೆಯದನ್ನು ತೆಗೆದು ನೋಡಿದರೆ ತಪ್ಪು ಎಷ್ಟು ಸರಳವಾಗಿತ್ತೆಂದರೆ, ಅದನ್ನು ಕಂಡು ಸಿಟ್ಟು ಇಮ್ಮಡಿಯಾಯಿತು. ಅಮೆರಿಕದ ಗವರ್ನರ್ ನಮ್ಮ ರಾಜ್ಯಪಾಲರಂತೆ ನೇಮಕಗೊಂಡು ಬರುವವರಲ್ಲ. ಜನರಿಂದ ಆಯ್ಕೆಯಾಗಿ ರಾಜ್ಯವನ್ನು ಆಳುವವರು, ರಾಜ್ಯದ ಸೈನಿಕರಿಗೆ ಅಧಿಪತಿ. ಹಳೆಯ ಕಾನೂನಿನಲ್ಲಿ ನಾಲ್ಕು ಉಪವಿಧಿಗಳಿದ್ದುವು. ಮೊದಲನೆಯದು, ಆಪತ್ತಿನಲ್ಲಿ ಗವರ್ನರ್ ಸೈನಿಕರನ್ನು ಕರೆಸಬಹುದು ಎಂಬುದು. ಎರಡನೆಯದು, ಹಾಗೆ ಕರೆಸಿದಾಗ ಜಿಲ್ಲೆಜಿಲ್ಲೆಗೂ ತಂತಿ ಕಳುಹಿಸಬೇಕು ಎಂಬುದು. ಮೂರನೆಯದು, ಸೈನ್ಯದ ಕುದುರೆಗಳಿಗೆ ಊರವರು ಮೇವು ಒದಗಿಸಬೇಕು ಎಂಬುದು. ನಾಲ್ಕನೆಯದೇ ಮೂವತ್ತು ದಿನಗಳ ಗಡುವು. ತಂತಿಯೂ ಕುದುರೆಯೂ ಕಾಲಕ್ಕೆ ಸಲ್ಲದ ಸಂಗತಿಗಳಾದ್ದರಿಂದ ಶಾಸನಸಭೆ ಒಂದೇ ಅಧಿವೇಶನದಲ್ಲಿ ಎರಡು ತಿದ್ದುಪಡಿಗಳನ್ನು ಮಾಡಿತು. ಒಂದು, ಎರಡನೆಯದನ್ನು ತೆಗೆದು ಉಳಿದವುಗಳ ಸಂಖ್ಯೆಯನ್ನು ಸರಿಪಡಿಸತಕ್ಕದ್ದು. ಇನ್ನೊಂದು, ಮೂರನೆಯದನ್ನು ತೆಗೆಯತಕ್ಕದ್ದು. ಎರಡೂ ಹಳೆಯ ಸಂಖ್ಯೆಗಳನ್ನು ನೋಡಿ ಬರೆದ ತಿದ್ದುಪಡಿಗಳು.

ಸ್ವರ್ಣಲತಾ ಮೊದಲನೆಯ ತಿದ್ದುಪಡಿಯನ್ನು ಪೂರ್ತಿ ಮುಗಿಸಿದಳು. ತಂತಿ ಹೋಯಿತು, ಕುದುರೆ ಎರಡನೆಯ ಸ್ಥಾನಕ್ಕೂ ಗಡುವು ಮೂರನೆಯ ಸ್ಥಾನಕ್ಕೂ ಸರಿದುವು. ಆಮೇಲೆ ಮುಂದಿನ ತಿದ್ದುಪಡಿಯನ್ನು ತೆರೆದು, ಅದು ಹೇಳಿದಂತೆಯೇ 'ಮೂರನೆಯದನ್ನು' ತೆಗೆದಳು. ಮೇವು ಉಳಿಯಿತು, ಗಡುವು ಅಳಿಯಿತು. ಶಾಮಸುಂದರರು ಉಳಿದ ಒಂದೊಂದು ಅಕ್ಷರವನ್ನೂ ಮೂಲದೊಡನೆ ಕೂಡಿಸಿ ಓದಿ, ಒಂದು ಅಲ್ಪವಿರಾಮವೂ ತಪ್ಪಿಲ್ಲವೆಂದು ಸಂತೋಷಪಟ್ಟು ಸಹಿ ಹಾಕಿದರು. ಹೋದದ್ದು ಏನೆಂದು ಅವರು ಕೇಳಲಿಲ್ಲ. ಪಾಠಶಾಲೆಯಲ್ಲಿಯೂ ಕೇಳಿರಲಿಲ್ಲ.

"ತಪ್ಪು ನಂದು ಸರ್."

"ಸಹಿ ಯಾರದ್ದು?"

"ನಿಮ್ಮದು."

"ಹಾಗಾದ್ರೆ ಅಳೋದನ್ನ ಬಿಟ್ಟು ತಿದ್ದಿದ ಪಾಠ ಸಿದ್ಧಮಾಡು. ನಾನು ಮೋಹನದಾಸರ ಹತ್ತಿರ ಹೋಗ್ಬರ್ತೀನಿ."

ಮೋಹನದಾಸ್ ಕಚೇರಿಯ ಮುಖ್ಯಸ್ಥರು, ಉಡುಪಿಯವರು. ಕೆಟ್ಟ ಮನುಷ್ಯರೇನಲ್ಲ, ಎಲ್ಲವನ್ನೂ ತಾವೇ ಹೊತ್ತುಕೊಂಡು, ಹೊತ್ತುಕೊಂಡದ್ದನ್ನು ಇಳಿಸಲು ತಿಳಿಯದವರು. ಹಳೆಯ ಕಡತಗಳನ್ನೆಲ್ಲ ಹೊಸ ಸರ್ವರ್‌ಗೆ ಸಾಗಿಸುವ ಕೆಲಸ ಶುರುವಾದಾಗ ಅವರು 'ತುರ್ತು ಫ್ರೀಜ್' ಎಂದು ಒಂದು ಮೇಲ್ ಹೊರಡಿಸಿದ್ದರು. ಪ್ರಕಟವಾದ ಪುಟಗಳ ತಿದ್ದುಪಡಿ ಒಂದೂ ಅವರ ಅನುಮತಿಯಿಲ್ಲದೆ ಹೊರಗೆ ಹೋಗಕೂಡದು, ಎಲ್ಲರ ರಜೆಯೂ ರದ್ದು. ಹತ್ತು ದಿನದ ಮಾತೆಂದು ಆರಂಭವಾದ ಅದಕ್ಕೆ ಈಗ ನಾಲ್ಕು ತಿಂಗಳು ತುಂಬಿತ್ತು.

"ಬನ್ನಿ ಶಾಮಣ್ಣ, ಕೂತ್ಕೊಳ್ಳಿ. ಕರಕ್ ಚಾ ಹೇಳ್ಲಾ?"

"ಬೇಡ. ನಾನೊಂದು ತಪ್ಪು ಮಾಡಿದ್ದೀನಿ."

"ನೀವಾ? ಹದಿನಾಲ್ಕು ವರ್ಷಕ್ಕೆ ಒಂದು. ಫ್ರೇಮ್ ಹಾಕಿ ಗೋಡೆಗೆ ತೂಗಿಸುವ."

ಶಾಮಸುಂದರರು ವಿಷಯವನ್ನು ಬಿಡಿಸಿ ಹೇಳಿದರು. ಮೋಹನದಾಸ್ ಕನ್ನಡಕವನ್ನು ತೆಗೆದು ಕಣ್ಣುಜ್ಜಿಕೊಂಡರು.

"ಸರಿ, ತಪ್ಪು ಉಂಟು, ಒಪ್ಪಿದೆ. ಮುಂದಿನ ತ್ರೈಮಾಸಿಕ ಪರಿಷ್ಕರಣೆಯಲ್ಲಿ ಸರಿ ಮಾಡುವ."

"ಅದಕ್ಕೆ ಇನ್ನೂ ಹನ್ನೊಂದು ವಾರ ಇದೆ. ಅಲ್ಲಿ ಉಳಿದಿರೋದು ಆರು ದಿನ."

"ಈಗ ಫ್ರೀಜ್ ಉಂಟಲ್ಲ ಮಾರಾಯ್ರೆ."

"ಹತ್ತು ದಿನ ಅಂದಿದ್ರಿ."

"ವಿಸ್ತರಣೆ ಆಗಿದೆ."

"ವಿಸ್ತರಿಸಿದ್ದು ಯಾರು?"

"ನಾನೇ."

"ಯಾರನ್ನ ಕೇಳಿ?"

"ಎಂತ ಶಾಮಣ್ಣ, ನನಗೆ ಕೋರ್ಟು ಮಾಡ್ತೀರಾ? ಒಂದು ಪುಟಕ್ಕೆ ಬಾಗಿಲು ತೆಗೆದ್ರೆ ನಾಳೆ ನಾಲ್ಕು ಜನ ಬಂದು ನಿಲ್ತಾರೆ. ಮತ್ತೆ ಆ ಗವರ್ನರ್ ನಿಮಗೆ ಏನಾಗ್ಬೇಕು? ಮುದ್ರಿತ ಪುಸ್ತಕವೇ ಪ್ರಮಾಣ, ಜಾಲತಾಣ ಬರೀ ಮಾಹಿತಿಗೆ ಅಂತ ಪುಟದ ಕೆಳಗೆ ಬರ್ದೇ ಉಂಟು."

"ಸೇತುವೆ ಮೇಲೆ ಬಂದೂಕು ಹಿಡಿದು ನಿಂತೋನು ಪುಟದ ಕೆಳಗಿನ ಸಣ್ಣ ಅಕ್ಷರ ಓದ್ತಾನಾ?"

ಮೋಹನದಾಸ್ ಗುಮಾಸ್ತೆಗೆ 'ಅಧಿಕೃತ ಮುದ್ರಿತ ಪಾಠವನ್ನು ನೋಡಿಕೊಳ್ಳುವುದು' ಎಂಬ ಸಿದ್ಧ ಉತ್ತರವನ್ನು ಕಳುಹಿಸಲು ಹೇಳಿ ಫೋನೆತ್ತಿಕೊಂಡರು. ಪರಿಷ್ಕೃತ ಮುದ್ರಿತ ಪುಸ್ತಕ ಬರುವುದು ವರ್ಷದ ಕೊನೆಗೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಮಂಗಳವಾರವೆಲ್ಲ ಅಲೆದಾಟದಲ್ಲಿ ಕಳೆಯಿತು. ದೋಷ ವರದಿ ಮಾಡುವ ಪುಟ, ಫ್ರೀಜ್ ಇರುವ ಕಾರಣ ವರದಿಗಳನ್ನು ಸ್ವೀಕರಿಸುವುದಿಲ್ಲವೆಂದಿತು. ಗ್ರಾಹಕ ಸಂಪರ್ಕ ವಿಭಾಗದ ನಿಖಿತಾ, ಮುಖ್ಯಸ್ಥರ ಒಪ್ಪಿಗೆಯನ್ನು ಲಗತ್ತಿಸಿದರೆ ತಿದ್ದಿದ ಪಾಠವನ್ನು ಐದು ನಿಮಿಷದಲ್ಲಿ ಕಳುಹಿಸುತ್ತೇನೆ ಎಂದಳು. ಮುಖ್ಯಸ್ಥರ ಒಪ್ಪಿಗೆಗೆ ದೋಷ ವರದಿಯ ಸಂಖ್ಯೆ ಬೇಕೆಂದು ಮೋಹನದಾಸರ ಸಹಾಯಕ ಹೇಳಿದ. ಶಾಮಸುಂದರರು ಮೂರು ಮಹಡಿಗಳ ನಡುವೆ ನಾಲ್ಕು ಸಲ ಲಿಫ್ಟಿನಲ್ಲಿ ಹತ್ತಿಳಿದು, ಐದನೆಯ ಸಲ ಮೆಟ್ಟಿಲಲ್ಲೇ ಇಳಿದು, ಮಂಡಿ ಹಿಡಿದುಕೊಂಡು ಮನೆಗೆ ಬಂದರು.

ಹೆಂಡತಿ ಚಾಮುಂಡೇಶ್ವರಿ ಕಥೆಯನ್ನೆಲ್ಲ ಕೇಳುತ್ತಲೇ ಹುರುಳಿಕಾಯಿಯ ನಾರು ಬಿಡಿಸಿದರು.

"ಆ ಸೇತುವೆ ದಾಟಿ ನಮ್ಮೋರು ಯಾರೂ ಹೋಗ್ಬೇಕಾಗಿಲ್ವಲ್ರೀ."

"ಸಹಿ ನಂದು, ಚಾಮು."

"ಸಹಿ ನಿಮ್ದು. ವೀಸಾನೂ ನಿಮ್ದೇ. ಅದು ಮರೀಬೇಡಿ."

ಮಾತು ನಿಜವಾಗಿತ್ತು. ಅವರಿಗೆ ಐವತ್ತೊಂಬತ್ತು ಮುಗಿಯುತ್ತಿತ್ತು. ಇನ್ನು ಮೂರು ತಿಂಗಳಿಗೆ ವೀಸಾ ನವೀಕರಣ, ಅರವತ್ತರವರಿಗೆ ಕಂಪನಿ ಮನಸ್ಸು ಮಾಡಿದರೆ ಮಾತ್ರ ಅದು ಸಾಧ್ಯ. ಮನಸ್ಸು ಮಾಡಬೇಕಾದವರು ಮೋಹನದಾಸ್. ಮಗಳು ಬಿಂದು ಇಲ್ಲೇ ಓದುತ್ತಿದ್ದಳು. ಅವಳ ವೀಸಾ ಅಪ್ಪನ ವೀಸಾಕ್ಕೆ ಕಟ್ಟಿದ್ದು, ಪದವಿಗೆ ಇನ್ನೂ ಒಂದು ವರ್ಷವಿತ್ತು.

"ಅಪ್ಪಾ, ಜಸ್ಟ್ ಈಮೇಲ್ ದೆಮ್," ಎಂದಳು ಬಿಂದು, ಪುಸ್ತಕದಿಂದ ತಲೆಯೆತ್ತದೆ. "ವಾಟ್ಸ್ ದ ಬಿಗ್ ಡೀಲ್?"

"ನಾನು ಸುಮ್ನೆ ಮೇಲ್ ಕಳಿಸಿದ್ರೆ ಗೋಪ್ಯತೆ ಮುರಿದ ಹಾಗಾಗುತ್ತಮ್ಮ. ಅದಕ್ಕೊಂದು ದಾರಿ ಇರ್ಬೇಕು. ನಮ್ಮ ಕಂಪನಿ ಜೊತೆ ಶಾಸನಸಭೆಯೋರು ಬರೆದ ಒಪ್ಪಂದ ಇದೆ. ಗವರ್ನರಿಗೇ ಮೂಗುದಾರ ಹಾಕ್ದೋರು ನಮ್ಮ ಕಂಪನಿಗೆ ಹಾಕ್ದೇ ಬಿಟ್ಟಿರ್ತಾರಾ?"

ಇದನ್ನು ಹೇಳುವಾಗ ಅವರಿಗೇ ಒಂದು ಬೆಳಕು ಹೊಳೆಯಿತು. ಚಾಮುಂಡೇಶ್ವರಿ ಗಂಡನ ಮುಖವನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಹುಡುಕಿ, ಹುಡುಕಿ. ಹುಡುಕದೆ ಬಿಟ್ರೆ ಸಂಧ್ಯಾವಂದನೆಗೆ ಕೂತು ಹಲ್ಲು ಕಡೀತೀರಿ. ಅದನ್ನೂ ನಾನೇ ಕೇಳ್ಬೇಕು."

ಬುಧವಾರ ಅವರು ಒಪ್ಪಂದದ ನೂರ ಹನ್ನೆರಡು ಪುಟಗಳನ್ನು ಓದಿದರು. ಈ ಸಲ ಕಿವಿಯಿಂದಲ್ಲ; ಒಂದೊಂದು ವಾಕ್ಯಕ್ಕೂ 'ಹಾಗೆಂದರೇನು, ಯಾರಿಗೆ, ಯಾವಾಗ' ಎಂದು ಕೇಳಿಕೊಳ್ಳುತ್ತ ಓದಿದರು. ಆ ಅಭ್ಯಾಸವಿಲ್ಲದ್ದರಿಂದ ತಲೆ ನೋಯಿತು. ಎಂಬತ್ತೊಂಬತ್ತನೆಯ ಪುಟದಲ್ಲಿ ಅದು ಇತ್ತು. ಪ್ರಮಾಣಕನು ತಾನು ಕೊಟ್ಟ ಪ್ರಮಾಣಪತ್ರ ತಪ್ಪೆಂದು ಕಂಡಾಗ, ಕಂಪನಿಯ ಯಾವ ಅಧಿಕಾರಿಯ ಅನುಮತಿಯನ್ನೂ ಕೇಳದೆ, ಅದನ್ನು ನೇರವಾಗಿ, ಕಾನೂನು ಪಾಠಗಳ ಮೇಲ್ವಿಚಾರಣೆ ನೋಡುವ ಶಾಸನಸಭೆಯ ಸಂಹಿತಾ ಕಚೇರಿಗೆ ಬರೆದು ಹಿಂತೆಗೆದುಕೊಳ್ಳಬಹುದು. ಕಂಪನಿಯ ಯಾವ ಆಂತರಿಕ ಆಜ್ಞೆಯೂ ಇದನ್ನು ತಡೆಯತಕ್ಕದ್ದಲ್ಲ. ಅದರ ಕೆಳಗೆ ಇನ್ನೊಂದು ಸಾಲು. ಹೀಗೆ ಹಿಂತೆಗೆದುಕೊಂಡ ಪ್ರಮಾಣಕನು ಆರು ತಿಂಗಳ ಕಾಲ ಪ್ರಮಾಣ ಮಾಡತಕ್ಕದ್ದಲ್ಲ.

ಆರು ತಿಂಗಳು ಪ್ರಮಾಣ ಮಾಡಲಾಗದ ಪ್ರಮಾಣಕನಿಗೆ ಮೂರು ತಿಂಗಳಲ್ಲಿ ವೀಸಾ ನವೀಕರಿಸುವ ಕಂಪನಿ ಎಲ್ಲಿದೆ? ಶಾಮಸುಂದರರು ಆ ಸಾಲನ್ನು ಬೆರಳಿಟ್ಟು ಮತ್ತೆ ಮತ್ತೆ ಓದಿದರು. ಸಿಟ್ಟು ಈಗ ಮೋಹನದಾಸರ ಮೇಲಿರಲಿಲ್ಲ, ಗವರ್ನರರ ಮೇಲೂ ಇರಲಿಲ್ಲ. ಬಾಗಿಲಿಟ್ಟವರು ಹೊಸ್ತಿಲಿನಲ್ಲಿ ಹೊಂಡವನ್ನೂ ತೋಡಬೇಕಿತ್ತೇ ಎಂದು ಆ ಒಪ್ಪಂದವನ್ನು ಬರೆದ ಅನಾಮಿಕನ ಮೇಲೆ ಸಿಟ್ಟಾದರು.

"ಸರ್, ನನ್ನ ಹೆಸರು ಹಾಕಿ," ಎಂದಳು ಸ್ವರ್ಣಲತಾ. "ಸೇರಿಸಿದ್ದು ನಾನಲ್ವಾ?"

"ನಿನ್ನ ಹೆಸರಿಗೆ ಅಲ್ಲಿ ಜಾಗ ಇಲ್ಲಮ್ಮ. ಪ್ರಮಾಣಕ ಅಂತ ಒಂದೇ ಗೆರೆ ಇದೆ."

"ಎರಡು ದಿನ ಕಾಯುವಾ? ಬಾಸ್ ಮನಸ್ಸು ಬದಲು ಮಾಡಿದ್ರೆ?"

"ಅವರು ಮನಸ್ಸು ಬದಲು ಮಾಡೋ ಅಷ್ಟರಲ್ಲಿ ಆ ಬಸ್ಸಿನ ಮಕ್ಕಳು ಕಾಲೇಜಿಗೆ ಹೋಗಿರ್ತಾರೆ."

ಗುರುವಾರ ಬೆಳಿಗ್ಗೆ ಅವರು ಮತ್ತೊಮ್ಮೆ ಮೋಹನದಾಸರ ಕೋಣೆಗೆ ಹೋದರು. ಗುಟ್ಟಾಗಿ ಮಾಡುವುದು ಅವರಿಂದಾಗದ ಕೆಲಸ. ಎಂಬತ್ತೊಂಬತ್ತನೆಯ ಪುಟವನ್ನು ಮೇಜಿನ ಮೇಲಿಟ್ಟರು.

"ಸಂಜೆ ಐದಕ್ಕೆ ಕಳಿಸ್ತೀನಿ. ಅಲ್ಲಿ ಆಗ ಕಚೇರಿ ತೆಗೆಯೋ ಹೊತ್ತು. ಅದಕ್ಕೆ ಮುಂಚೆ ನೀವೇ ಅನುಮತಿ ಕೊಟ್ರೆ ಇದರ ಅಗತ್ಯ ಇಲ್ಲ."

ಮೋಹನದಾಸ್ ಪುಟವನ್ನು ಓದಿದರು, ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಇದು ಉಂಟು ಅಂತ ನನಗೇ ಗೊತ್ತಿರ್ಲಿಲ್ಲ."

"ನನಗೂ ಗೊತ್ತಿರ್ಲಿಲ್ಲ. ಓದಿದ್ದೀನಿ ಅಂತ ಇದಕ್ಕೂ ನಾನೇ ಸಹಿ ಹಾಕಿದ್ದೆ."

"ಶಾಮಣ್ಣ, ಕೇಳಿ. ಒಂದು ಪುಟಕ್ಕೆ ಫ್ರೀಜ್ ಸಡಿಲಿಸಿದ್ರೆ ನಾನು ಮೇಲಿನವರಿಗೆ ಬರ್ದು ಕೊಡ್ಬೇಕು, ಇಷ್ಟು ದಿನ ಯಾಕೆ ಎಳೆದಿರಿ ಅಂತ ಅವರು ಕೇಳ್ತಾರೆ. ನಿಮ್ಮ ವೀಸಾ ಕಾಗದ ನಾನು ಮುಂದಿನ ತಿಂಗಳು ಕಳಿಸ್ಬೇಕು ಅಂತಿದ್ದೆ. ಇದಾದ್ಮೇಲೆ ಯಾವ ಹುದ್ದೆ ತೋರಿಸುದು? ಮನೆಯವರನ್ನು ಕೇಳಿದ್ರಾ?"

"ಕೇಳಿದ್ದೀನಿ."

"ಎಂತ ಹೇಳಿದ್ರು?"

"ಹಲ್ಲು ಕಡೀಬೇಡಿ ಅಂದ್ರು."

ಮೋಹನದಾಸ್ ನಗಲಿಲ್ಲ. ಅನುಮತಿಯನ್ನೂ ಕೊಡಲಿಲ್ಲ. ಐದು ಗಂಟೆಗೆ ಶಾಮಸುಂದರರು ಸಂಹಿತಾ ಕಚೇರಿಗೆ ಬರೆದರು: ಈ ಪುಟಕ್ಕೆ ನಾನು ಕೊಟ್ಟ ಪ್ರಮಾಣ ತಪ್ಪು, ತಿದ್ದುಪಡಿಗಳನ್ನು ಹಳೆಯ ಸಂಖ್ಯೆಗಳಿಗೆ ಅನ್ವಯಿಸಬೇಕಿತ್ತು, ತೆಗೆಯಬೇಕಾದದ್ದು ಕುದುರೆಯ ಮೇವು, ತೆಗೆದದ್ದು ಮೂವತ್ತು ದಿನಗಳ ಗಡುವು, ಸರಿಯಾದ ಪಾಠವನ್ನು ಇದರೊಡನೆ ಲಗತ್ತಿಸಿದೆ, ಗಡುವು ತುಂಬಲು ಮೂರು ದಿನ ಉಳಿದಿದೆ. ಕೆಳಗೆ ತಮ್ಮ ಪೂರ್ಣ ಹೆಸರನ್ನು ಬರೆದರು. ಎರಡು ಗಂಟೆಯೊಳಗೆ ಅಲ್ಲಿಯ ಹಿರಿಯ ಸಂಪಾದಕಿಯಿಂದ ಉತ್ತರ ಬಂತು. ಪುಟವನ್ನು ಸರಿಪಡಿಸಲಾಗಿದೆ, ಗವರ್ನರರ ಕಚೇರಿಗೂ ಎರಡು ಸದನಗಳಿಗೂ ತಿಳಿಸಲಾಗಿದೆ, ನಿಮ್ಮ ಆರು ತಿಂಗಳು ಇಂದಿನಿಂದ ಆರಂಭ. ಅದರಲ್ಲಿ ವಂದನೆಯ ಮಾತೂ ಇರಲಿಲ್ಲ, ಬೈಗುಳವೂ ಇರಲಿಲ್ಲ.

ಮುಂದಿನ ಎರಡು ವಾರ ಮೋಹನದಾಸ್ ಅವರೊಡನೆ ಮಾತಾಡಲಿಲ್ಲ. ಹೊಸ ಪ್ರಮಾಣಕಳಾಗಿ ಸ್ವರ್ಣಲತಾಳ ನೇಮಕವಾಯಿತು. ಶುಕ್ರವಾರದ ಸಹಸ್ರನಾಮ ಪಾರಾಯಣಕ್ಕೆ ಬಂದವರೊಬ್ಬರು, ಊರಿಗೆ ಯಾವಾಗ ಹೊರಡುತ್ತೀರಿ ಎಂದು ಚಾಮುಂಡೇಶ್ವರಿಯವರನ್ನು ಕೇಳಿದರು. ಸುದ್ದಿ ಅವರಿಗಿಂತ ಮುಂಚೆಯೇ ಹೊರಟುಹೋಗಿತ್ತು. ಬಿಂದು ಮೈಸೂರಿನ ಕಾಲೇಜುಗಳ ಪಟ್ಟಿಯನ್ನು ತಾನಾಗಿ ಹುಡುಕಿ, ಅಪ್ಪನಿಗೆ ಕಾಣದಂತೆ ಮುಚ್ಚಿಟ್ಟಳು. ಅಪ್ಪ ಕಂಡೂ ಕಾಣದವರಂತೆ ಇದ್ದರು.

ಮೂರನೆಯ ವಾರ ಮೋಹನದಾಸ್ ಅವರನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಾಗದಗಳಿದ್ದುವು.

"ಮೊದಲು ಇದು ನೋಡಿ. ನಿಮ್ಮ ಗುಮಾಸ್ತೆ ಮತ್ತೆ ಬರ್ದಿದ್ದಾಳೆ."

ಮೂವತ್ತನೆಯ ದಿನಕ್ಕೆ ಆಜ್ಞೆ ತಾನಾಗಿ ಸಾಯುವುದೆಂದು ತಿಳಿದ ಗವರ್ನರ್ ಶಾಸನಸಭೆಯನ್ನು ತರಾತುರಿಯಿಂದ ಕರೆಸಿದರಂತೆ. ಸೈನಿಕರು ಯಾಕೆ ಬೇಕೆಂದು ಸದನದಲ್ಲಿ ಒಂದು ಇಡೀ ದಿನ ಕೇಳಿದರಂತೆ. ಕಡೆಗೆ ನಾಲ್ಕು ಮತಗಳ ಅಂತರದಿಂದ ಹದಿನೈದು ದಿನದ ವಿಸ್ತರಣೆ ಸಿಕ್ಕಿತು. ಗವರ್ನರ್ ಕೇಳಿದ್ದು ತೊಂಬತ್ತು. 'ಬಸ್ಸು ಇನ್ನೂ ಸುತ್ತಿಕೊಂಡೇ ಬರುತ್ತಿದೆ' ಎಂದು ಗುಮಾಸ್ತೆ ಬರೆದಿದ್ದಳು. 'ನಮ್ಮ ಸದಸ್ಯ ಯಾವ ಕಡೆ ಮತ ಹಾಕಿದನೆಂದು ಈಗ ಊರಿಗೆಲ್ಲ ಗೊತ್ತು. ಅವನಿಗೆ ಊರಿಗೆ ಬರಲು ಮುಜುಗರವಾಗಿದೆ.'

"ನೋಡಿ," ಎಂದರು ಮೋಹನದಾಸ್, ಎರಡು ಕೈಗಳನ್ನೂ ಚೆಲ್ಲಿ. "ಸೈನ್ಯ ಅಲ್ಲೇ ನಿಂತಿದೆ. ಬಸ್ಸು ಸುತ್ತುತ್ತದೆ. ಇಷ್ಟಕ್ಕಾಗಿ ನೀವು ನಿಮ್ಮ ಕುತ್ತಿಗೆ ಕೊಟ್ಟಿರಿ."

"ಹದಿನೈದು ದಿನ ಅಂತ ಆಯ್ತಲ್ಲ. ಕೊಟ್ಟೋರು ಯಾರು ಅಂತಾನೂ ಗೊತ್ತಾಯ್ತು."

"ಅದರಿಂದ ಎಂತ ಸಿಕ್ತು ನಿಮಗೆ?"

"ನನಗೆ ಏನೂ ಸಿಗಲಿಲ್ಲ, ಮೋಹನದಾಸರೇ. ಸಿಗಬೇಕಾದದ್ದು ಆ ಊರಿನವರಿಗೆ."

ಮೋಹನದಾಸ್ ಎರಡನೆಯ ಕಾಗದವನ್ನು ಅವರ ಕಡೆಗೆ ತಳ್ಳಿದರು. ಅದು ವೀಸಾ ನವೀಕರಣದ ಶಿಫಾರಸು. ಹುದ್ದೆ ಪ್ರಮಾಣಕನದಲ್ಲ, ಸಹಾಯಕ ಓದುಗನದು. ಅವಧಿ ಒಂದು ವರ್ಷ.

"ಆ ಹುಡುಗಿ ಬಂದು, ಮೂಲ ಹಿಡಿಯಲಿಕ್ಕೆ ನೀವು ಇಲ್ಲದಿದ್ರೆ ಸಹಿ ಹಾಕುದಿಲ್ಲ ಅಂತ ಕೂತಿದ್ದಾಳೆ. ಅರ್ಜಿ ಕೊಟ್ಟಿದ್ದಾಳೆ, ಲಿಖಿತ. ಇದೆಲ್ಲ ಯಾರು ಕಲಿಸಿದ್ದು ಅಂತ ನಾನು ಕೇಳುದಿಲ್ಲ. ನಿಮ್ಮ ಶಿಷ್ಯೆಯ ಕೈಕೆಳಗೆ ಕೂರ್ತೀರಾ? ಆಗ್ತದಾ, ಇಲ್ವಾ, ಈಗಲೇ ಹೇಳಿ."

ಶಾಮಸುಂದರರಿಗೆ ಮುಖ ಬೆಚ್ಚಗಾಯಿತು. ಮುದ್ರಣಾಲಯದ ದಿನಗಳಿಂದ ಇಲ್ಲಿಯವರೆಗೆ ಅವರು ಯಾರಿಗೂ ಮೂಲ ಹಿಡಿದವರಲ್ಲ. ಬೇಡ ಎನ್ನಲು ಬಾಯಿ ತೆರೆದರು. ಮಗಳು ಮುಚ್ಚಿಟ್ಟ ಪಟ್ಟಿ ಕಣ್ಣ ಮುಂದೆ ಬಂತು.

"ಆಗುತ್ತೆ," ಎಂದರು. ಕಾಗದವನ್ನು ತೆಗೆದುಕೊಂಡರು, ಆದರೆ ಸಹಿ ಹಾಕಲಿಲ್ಲ. ಕುರ್ಚಿಯನ್ನೆಳೆದು ಕುಳಿತು ಓದತೊಡಗಿದರು.

"ಎಂತ ಮಾರಾಯ್ರೆ, ಒಂದು ಪುಟ ಅಷ್ಟೆ."

"ಓದ್ತೀನಿ, ಇರಿ."

ಮೋಹನದಾಸ್ ತಲೆಯನ್ನು ಹಿಂದಕ್ಕೊರಗಿಸಿ ಎರಡು ಕರಕ್ ಚಾ ಹೇಳಿಕಳುಹಿಸಿದರು. ಚಾ ಬಂದು ಆರಿದ ಮೇಲೂ ಶಾಮಸುಂದರರು ಎರಡನೆಯ ಪ್ಯಾರಾದಲ್ಲೇ ಇದ್ದರು.